ಗೇಟ್‌ಮನ್ ಕೊಟ್ಟ ಜಾಗ

ನನಗೆ ಬೇಕಾಗಿದ್ದದ್ದು ಕಪ್ಪು ಸ್ವೆಟರು. ಅಂಗಡಿಯವನ ಎದುರು ನಿಂತು ‘ಕ’ ಎನ್ನುವಷ್ಟರಲ್ಲಿ ಗಂಟಲು ಮುಚ್ಚಿಕೊಂಡಿತು. ಅವನು ಒಳ್ಳೆಯ ಮನುಷ್ಯ. ತುಸು ಹೊತ್ತು ನನ್ನ ಬಾಯನ್ನೇ ನೋಡಿದ, ಪಾಪ ಅನ್ನಿಸಿತೋ ಏನೋ, ಕಂದು ಬಣ್ಣದ್ದಾ ಎಂದು ತಾನೇ ಕೇಳಿದ. ನಾನು ತಲೆಯಾಡಿಸಿದೆ. ಆ ಕಂದು ಸ್ವೆಟರನ್ನು ಎಷ್ಟೋ ಚಳಿಗಾಲಗಳಿಂದ ಹಾಕಿಕೊಳ್ಳುತ್ತಿದ್ದೇನೆ. ಹಾಳಾದ್ದು, ಹರಿಯುವುದೂ ಇಲ್ಲ.

ತೊದಲುವವರ ಮನೆಗೆ ಹೋಗಿ ನೋಡಿ, ಇಂಥ ಬೇಡದ ಸಾಮಾನು ಏನಾದರೊಂದು ಇದ್ದೇ ಇರುತ್ತದೆ. ಎದುರಿಗಿದ್ದವರು ಕೊಟ್ಟ ಪದವನ್ನು ಒಪ್ಪಿಕೊಂಡುಬಿಟ್ಟರೆ ಸರದಿಯಲ್ಲಿ ಹಿಂದೆ ನಿಂತವರು ನಿಟ್ಟುಸಿರು ಬಿಡುವುದು ತಪ್ಪುತ್ತದೆ. ಅಂತರ್ಜಾಲದಲ್ಲಿ ನಾವು ಕಟ್ಟಿಕೊಂಡ ಪುಟ್ಟ ಚರ್ಚಾ ವೇದಿಕೆಯಲ್ಲಿ ಎಲ್ಲರ ಅಡ್ಡಹೆಸರೂ ಹುಟ್ಟಿದ್ದು ಹೀಗೆಯೇ. ನಾನು ‘ಕಂದು’. ಚಹಾದಂಗಡಿಯಲ್ಲಿ ಸಕ್ಕರೆ ಜಾಸ್ತಿ ಎನ್ನಲು ಹೋಗಿ, ‘ಸಪ್ಪೆನಾ?’ ಎಂದವನಿಗೆ ಹೂಂ ಎಂದು, ಇವತ್ತಿಗೂ ಆ ಅಂಗಡಿಯಲ್ಲಿ ಸಕ್ಕರೆಯಿಲ್ಲದ ಚಹಾ ಕುಡಿಯುವ ಹೆಂಗಸೊಬ್ಬಳು ‘ಸಪ್ಪೆ’. ಹದಿನೆಂಟನೆಯ ಬೀದಿಗೆ ಟಿಕೆಟ್ ಕೇಳಲು ಹೋಗಿ, ಕಂಡಕ್ಟರು ‘ಹದಿನೇಳಾ?’ ಎಂದದ್ದಕ್ಕೆ ಹೂಂ ಎಂದು, ದಿನವೂ ಹದಿನೇಳರಲ್ಲಿ ಇಳಿದು ಒಂದು ಬೀದಿ ನಡೆಯುವ ಗುಮಾಸ್ತ ‘ಹದಿನೇಳು’. ಯಾರ ನಿಜವಾದ ಹೆಸರೂ ಅಲ್ಲಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಅತ್ಯಂತ ಕಷ್ಟದ ಪದ ಅವರವರ ಹೆಸರೇ. ಬೇರೆ ಪದಕ್ಕೆ ಬದಲಿ ಹುಡುಕಬಹುದು, ಹೆಸರಿಗೆ ಎಲ್ಲಿಂದ ತರುವುದು?

ಒಬ್ಬನಿಗೆ ಮಾತ್ರ ತಪ್ಪು ಪದದಿಂದ ಬಂದ ಹೆಸರಿರಲಿಲ್ಲ. ಅವನು ‘ಗೇಟ್‌ಮನ್’. ವೇದಿಕೆಯನ್ನು ನಾನು ಶುರುಮಾಡಿದ ಮೊದಲ ವಾರ ಅಲ್ಲಿ ನಾನೊಬ್ಬಳೇ ಗೋಡೆಗೆ ಮಾತಾಡಿದ ಹಾಗೆ ಬರೆದುಕೊಳ್ಳುತ್ತಿದ್ದೆ. ಆಗ ಬಂದ ಮೊದಲ ಉತ್ತರ ಅವನದು. ಮಾತು ತಡೆದು ನಿಲ್ಲುವುದಕ್ಕೆ ಡಾಕ್ಟರುಗಳು ಏನೇನೋ ಹೆಸರಿಟ್ಟಿದ್ದಾರೆ, ನಾನು ಅದನ್ನು ಗೇಟು ಬೀಳೋದು ಅಂತೀನಿ ಎಂದು ಬರೆದಿದ್ದ. ರೈಲು ಹಳಿಯ ಗೇಟು ಬಿದ್ದರೆ ಹಾರನ್ ಹೊಡೆದು ಪ್ರಯೋಜನವಿಲ್ಲ, ಗಾಡಿ ಆರಿಸಿ ಕೂತಿದ್ದರೆ ತಾನಾಗಿ ಏಳುತ್ತದೆ ಎಂದಿದ್ದ. ಆ ಮಾತು ನಮಗೆಲ್ಲ ಹಿಡಿಸಿತು. ವೇದಿಕೆಯ ಒಳಗೆ ಯಾರೂ ‘ತೊದಲಿದೆ’ ಎನ್ನುತ್ತಿರಲಿಲ್ಲ. ಇವತ್ತು ಬ್ಯಾಂಕಿನಲ್ಲಿ ಗೇಟು ಬಿತ್ತು, ಅಳಿಯನ ಮುಂದೆ ಗೇಟು ಬಿತ್ತು ಎಂದೇ ಬರೆಯುತ್ತಿದ್ದರು. ಹೊರಗಿನ ಯಾರಿಗೂ ಆ ಮಾತು ಗೊತ್ತಿರಲಿಲ್ಲ.

ನಮ್ಮಲ್ಲಿ ಎರಡೇ ನಿಯಮ. ಇನ್ನೊಬ್ಬರ ವಾಕ್ಯವನ್ನು ಯಾರೂ ಮುಗಿಸಕೂಡದು. ಯಾರೂ ಯಾರಿಗೂ ಫೋನ್ ಮಾಡಕೂಡದು. ಪಾಸ್‌ವರ್ಡ್ ಮರೆತರೆ ಬೇಕಾಗುತ್ತದೆಂದು ಎಲ್ಲರಿಂದಲೂ ಫೋನ್ ನಂಬರು ಪಡೆದಿದ್ದೆ ನಿಜ. ಆದರೆ ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಮಾತು ಕೊಟ್ಟಿದ್ದೆ, ಈ ನಂಬರಿಗೆ ಎಂದೂ ಕರೆ ಬರುವುದಿಲ್ಲ ಎಂದು. ಫೋನು ರಿಂಗಾದರೆ ಬೇರೆಯವರು ಯಾರಿರಬಹುದು ಅಂದುಕೊಳ್ಳುತ್ತಾರೆ. ನಮಗೆ ಬೆವರು ಬರುತ್ತದೆ.

ಇದಲ್ಲದೆ ಒಂದು ಒಳಕೋಣೆಯಿತ್ತು. ಹಳೆಯ ಸದಸ್ಯರಿಗಷ್ಟೇ ಅದರ ಬಾಗಿಲು. ಅಲ್ಲಿ ಒಬ್ಬೊಬ್ಬರೂ ತಮಗೆ ಗೇಟು ಬೀಳುವ ಪದಗಳನ್ನು ಬರೆದಿಟ್ಟಿದ್ದರು, ಅದರ ಬದಲು ಏನು ಹೇಳಿ ನುಣುಚಿಕೊಳ್ಳುತ್ತಾರೆ ಎನ್ನುವುದನ್ನೂ. ಹದಿನೇಳು ತನ್ನ ಕಚೇರಿಯಲ್ಲಿ ಇಷ್ಟು ವರ್ಷ ಯಾರಿಗೂ ಗೊತ್ತಾಗದ ಹಾಗೆ ತೊದಲನ್ನು ಮುಚ್ಚಿಟ್ಟುಕೊಂಡು ಬಂದಿದ್ದ. ಪಾಪದವನು ಪದಗಳನ್ನು ಅದಲು ಬದಲು ಮಾಡಿಯೇ ದಿನ ದೂಡುತ್ತಿದ್ದ. ಆ ವಿದ್ಯೆಯೆಲ್ಲ ಒಳಕೋಣೆಯಲ್ಲಿತ್ತು. ನಮ್ಮ ಮಾನ ಅಲ್ಲಿತ್ತು ಅಂದರೂ ತಪ್ಪಲ್ಲ.

ಹೀಗಿರುವಾಗ ವೇದಿಕೆಯನ್ನು ಇಟ್ಟುಕೊಂಡಿದ್ದ ಸರ್ವರಿನ ಕಂಪನಿಯವರು ಅಂಗಡಿ ಮುಚ್ಚುತ್ತೇವೆ, ತಿಂಗಳ ಕೊನೆಯೊಳಗೆ ನಿಮ್ಮ ಗಂಟುಮೂಟೆ ಕಟ್ಟಿಕೊಳ್ಳಿ ಎಂದು ತಿಳಿಸಿದರು. ವೇದಿಕೆ ಅನ್ನುವುದು ಗಾಳಿಯಲ್ಲಿ ತೇಲುವುದಿಲ್ಲ, ಎಲ್ಲೋ ಒಂದು ಕೋಣೆಯ ಒಂದು ಯಂತ್ರದೊಳಗೆ ಬಾಡಿಗೆಗೆ ಇರುತ್ತದೆ. ಆ ಬಾಡಿಗೆ ಕೊಡುತ್ತಿದ್ದವಳು ನಾನು.

ನನ್ನ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮುಂದೆ ಗಾಜಿನ ಬೀರು, ಕನ್ನಡಿ, ನಗುವ ಹುಡುಗಿಯರು. ಹಿಂದೆ ನಾನು, ಒಂದು ಉಜ್ಜುವ ಚಕ್ರ, ಸಣ್ಣಗೆ ಸುರಿಯುವ ನೀರು. ಮಸೂರದ ಅಂಚನ್ನು ಫ್ರೇಮಿನ ಅಳತೆಗೆ ಸವೆಸುವುದು. ತುಸು ಹೆಚ್ಚು ಸವೆಸಿದರೆ ಮಸೂರ ಕಳಚಿ ಬೀಳುತ್ತದೆ, ಕಡಿಮೆಯಾದರೆ ಫ್ರೇಮು ಸೀಳುತ್ತದೆ. ಮಾತಾಡುವ ಅಗತ್ಯವೇ ಇಲ್ಲ, ಅದಕ್ಕೇ ಆ ಕೆಲಸಕ್ಕೆ ಸೇರಿದ್ದು. ಮಧ್ಯಾಹ್ನ ಊಟದ ಹೊತ್ತಿಗೆ ಚಕ್ರ ನಿಲ್ಲಿಸಿ, ಸ್ಟೂಲಿನ ಮೇಲೆ ಕೂತು, ಅಗ್ಗದ ಸರ್ವರು ಹುಡುಕುವುದಕ್ಕೆ ಶುರುಮಾಡಿದೆ.

ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತಿರುತ್ತದೆ ಆ ಗೋಳು. ಒಬ್ಬ ಮೊದಲ ವರ್ಷ ಪುಕ್ಕಟೆಯ ಹಾಗೆ ಕೊಡುತ್ತೇನೆ ಅನ್ನುತ್ತಾನೆ, ಎರಡನೆಯ ವರ್ಷ ಮೂರು ಪಟ್ಟು ಎನ್ನುವುದನ್ನು ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತಾನೆ. ಇನ್ನೊಬ್ಬ ‘ಅನ್‌ಲಿಮಿಟೆಡ್’ ಎಂದು ಬರೆದು ಪಕ್ಕದಲ್ಲೊಂದು ನಕ್ಷತ್ರ ಕೂರಿಸಿರುತ್ತಾನೆ. ಆ ನಕ್ಷತ್ರದ ಜಾಡು ಹಿಡಿದು ಪುಟದ ತಳಕ್ಕೆ ಹೋದರೆ ಮಿತಿಗಳ ದೊಡ್ಡ ಪಟ್ಟಿ. ಮತ್ತೊಂದು ಕಡೆ ಒಂದೇ ಯಂತ್ರದಲ್ಲಿ ಸಾವಿರ ಬಾಡಿಗೆದಾರರು. ಪಕ್ಕದ ಕೋಣೆಯವನ ಜಾತ್ರೆಗೆ ನಮ್ಮ ಕೋಣೆಯ ದೀಪ ಆರಿಹೋಗುತ್ತದೆ. ಪೂರ್ತಿ ಉಚಿತವಾದದ್ದೂ ಒಂದಿತ್ತು. ಅಲ್ಲಿ ಜಾಹೀರಾತು ಬರುತ್ತದೆ, ನಾವು ಬರೆದದ್ದನ್ನು ಓದಿ ಅದಕ್ಕೆ ತಕ್ಕಂತೆ. ಪ್ರಯೋಗಕ್ಕೆ ಒಂದು ಸಾಲು ಬರೆದು ನೋಡಿದೆ. ಪಕ್ಕದಲ್ಲೇ ‘ವಾರದೊಳಗೆ ನಿರರ್ಗಳವಾಗಿ ಮಾತಾಡಿ’ ಎಂದು ಒಬ್ಬ ಹಲ್ಲು ಕಿರಿದ. ಮೈಯೆಲ್ಲ ಉರಿದು ಆ ಪುಟವನ್ನು ಮುಚ್ಚಿದೆ.

ಮನೆಯಲ್ಲೇ ಹಳೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡರಾಯಿತಲ್ಲ ಎಂದಳು ಅಕ್ಕ. ನಾನೂ ಅಕ್ಕನೂ ಒಂದೇ ಮನೆಯಲ್ಲಿರುವುದು. ಅವಳು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂರುತ್ತಾಳೆ. ಬಂದವರ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟು ಮುಂದೆ ಕಳಿಸುವ ಕೆಲಸ. ಅದೇ ಅಭ್ಯಾಸ ಮನೆಯಲ್ಲೂ. ಚಿಕ್ಕಂದಿನಿಂದ ನನ್ನ ವಾಕ್ಯಗಳನ್ನು ಮುಗಿಸಿಕೊಟ್ಟವಳು ಅವಳೇ, ಪ್ರೀತಿಯಿಂದಲೇ. ನಾನು ಅರ್ಧ ಬಾಯಿ ತೆರೆದರೆ ಸಾಕು, ಮೂರು ಪದ ಮುಂದಿಡುತ್ತಾಳೆ, ಆರಿಸಿಕೋ ಎನ್ನುವ ಹಾಗೆ. ಕರೆಂಟು ಹೋದರೆ ವೇದಿಕೆಯೂ ಹೋಗುತ್ತದೆ ಎಂದು ಹೇಳಲು ನಾನು ‘ಕ’ದಲ್ಲಿ ಸಿಕ್ಕಿಹಾಕಿಕೊಂಡಾಗ ಅವಳು, ‘ಕಳ್ಳರಾ? ಕಸವಾ? ಕರ್ಚಾ?’ ಎಂದಳು. ಖರ್ಚು ಎಂದೇ ಒಪ್ಪಿಕೊಂಡೆ. ಹಾಗಾದರೆ ಖರ್ಚು ನಾನು ಕೊಡುತ್ತೇನೆ ಎಂದಳು. ಬೇಡ ಎಂದು ತಲೆಯಾಡಿಸಿದೆ. ಎಲ್ಲ ಮಾತೂ ಅವಳದೇ ಆಗಿರುವ ಮನೆಯಲ್ಲಿ ಇದೊಂದು ನನ್ನದಾಗಿರಲಿ ಅನ್ನುವ ಹಟ.

ಕೊನೆಗೆ ಒಂದು ಸಿಕ್ಕಿತು. ಸಣ್ಣ ಕಂಪನಿ. ಯಂತ್ರದಲ್ಲಿ ನಮಗೇ ಅಂತ ಒಂದು ಪುಟ್ಟ ಭಾಗ, ವರ್ಷ ವರ್ಷವೂ ಅದೇ ಬಾಡಿಗೆ, ದಿನಾ ಒಂದು ನಕಲು ತೆಗೆದಿಡುವ ಏರ್ಪಾಡು. ನನ್ನ ಸಂಬಳಕ್ಕೆ ಭಾರವಾಗದ ಬೆಲೆ. ಎಲ್ಲಾ ತುಂಬಿ ಕೊನೆಯ ಪುಟಕ್ಕೆ ಬಂದಾಗ ಒಂದು ಸಾಲು ಕಾದಿತ್ತು. ಮೋಸದ ಖಾತೆಗಳನ್ನು ತಡೆಯಲು ನಮ್ಮ ಸಿಬ್ಬಂದಿ ನಿಮಗೆ ಫೋನ್ ಮಾಡುತ್ತಾರೆ. ನಿಮ್ಮ ಪೂರ್ತಿ ಹೆಸರನ್ನು ನೀವೇ ಹೇಳಬೇಕು.

ಆ ಸಾಲನ್ನು ಓದಿ ನಾನು ಮತ್ತೆ ಚಕ್ರ ತಿರುಗಿಸಿದೆ. ಸಂಜೆಯವರೆಗೂ ಕನ್ನಡಕಗಳನ್ನು ಮಾಡಿದೆ. ಹೆಸರು ಹೇಳುವುದೊಂದು ತಪ್ಪಿದರೆ ಸಾಕೆಂದು ಅಷ್ಟು ಒಳ್ಳೆಯ ಜಾಗವನ್ನು ಬಿಟ್ಟುಬಿಟ್ಟೆ. ಮಾತು ಸಲೀಸಾಗಿ ಬರುವವರು ನಗಬಹುದು. ನಮ್ಮ ವೇದಿಕೆಯವರು ಯಾರೂ ನಗುತ್ತಿರಲಿಲ್ಲ.

ಇದನ್ನು ಗೇಟ್‌ಮನ್‌ಗೆ ಬರೆದೆ. ಅವನು ತಕ್ಷಣ ಉತ್ತರಿಸಿದ. ತಾನೀಗ ಸೇರಿರುವ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ, ಅಲ್ಲಿನ ಸರ್ವರಿನಲ್ಲಿ ಬೇಕಾದಷ್ಟು ಜಾಗ ಬಿದ್ದಿದೆ, ಅದರಲ್ಲಿ ಒಂದು ಮೂಲೆ ನಮಗೆ ಸಾಕು ಎಂದ. ಬಾಡಿಗೆ ಬೇಡ, ಅರ್ಜಿ ಬೇಡ. ಅವನು ಬರೆದ ಕೊನೆಯ ಸಾಲು ನನಗೆ ಈಗಲೂ ಬಾಯಿಪಾಠ: ‘ನಿನಗೆ ಯಾರೂ ಫೋನ್ ಮಾಡಲ್ಲ.’

ಅವನನ್ನು ನಾನು ನಂಬಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹಿಂದೊಮ್ಮೆ ನಾವಿಬ್ಬರೂ ಭೇಟಿಯಾಗಿದ್ದೆವು, ರೈಲು ನಿಲ್ದಾಣದ ಒಳಗಿನ ಕಾಫಿ ಅಂಗಡಿಯಲ್ಲಿ. ಅವನಿಗೂ ಗೇಟು ಬಿತ್ತು, ನನಗೂ ಬಿತ್ತು. ಆ ಸ್ವೆಟರಿನ ವಿಷಯ ಬಂದಾಗ, ಕಪ್ಪೇ ಯಾಕೆ ಬೇಕಿತ್ತು ಎಂದು ಕೇಳಿದ. ಅಮ್ಮ ಕಪ್ಪು ಸ್ವೆಟರು ಹಾಕುತ್ತಿದ್ದಳು, ಅವಳು ಹೋದ ಮೇಲೆ ಅಂಥದ್ದೇ ಒಂದು ಬೇಕೆನ್ನಿಸಿತ್ತು. ಇಷ್ಟನ್ನು ಹೇಳುವುದಕ್ಕೆ ಎರಡು ರೈಲುಗಳು ಬಂದು ಹೋದವು. ಅಷ್ಟು ಹೊತ್ತೂ ಅವನು ನನ್ನ ತುಟಿ ನೋಡಲಿಲ್ಲ, ಗಡಿಯಾರ ನೋಡಲಿಲ್ಲ, ಒಂದು ಪದವನ್ನೂ ಕೈಗೆ ಕೊಡಲಿಲ್ಲ. ನನ್ನ ಕಣ್ಣನ್ನೇ ನೋಡುತ್ತ ಕಾದ. ಹುಟ್ಟಿದಾಗಿನಿಂದ ನನಗಾಗಿ ಹಾಗೆ ಕಾದವರು ಇನ್ನೊಬ್ಬರಿಲ್ಲ. ಅಮ್ಮನ ಆ ವಿಷಯವನ್ನು ನಾನು ವೇದಿಕೆಯಲ್ಲಿ ಬರೆದಿರಲಿಲ್ಲ, ಅಲ್ಲಿ ಸ್ವೆಟರು ಬರೀ ತಮಾಷೆ.

ಹೀಗೆ, ಕಣ್ಣು ಮುಚ್ಚಿಕೊಂಡು, ವೇದಿಕೆಯನ್ನು ಅವನ ಕೈಗೆ ಕೊಟ್ಟೆ. ಒಳಕೋಣೆಯನ್ನೂ, ನಂಬರುಗಳನ್ನೂ. ಅವನು ಒಂದೇ ದಿನದಲ್ಲಿ ಎಲ್ಲ ಸಾಗಿಸಿ ಮುಗಿಸಿದ. ಹೊಸ ಜಾಗದಲ್ಲಿ ಪುಟಗಳು ಬೇಗ ಬೇಗ ತೆರೆಯುತ್ತಿದ್ದವು. ಎಲ್ಲರೂ ಅವನಿಗೆ ಧನ್ಯವಾದ ಬರೆದರು. ಸಪ್ಪೆ ಅವನಿಗೆ ಎರಡು ಚಮಚ ಸಕ್ಕರೆ ಕಳಿಸಿದ್ದೇನೆ ಎಂದು ಬರೆದಳು.

ಕೆಲವು ವಾರ ಕಳೆದಿತ್ತು. ನಾನು ದಪ್ಪ ಮಸೂರವೊಂದನ್ನು ಚಕ್ರಕ್ಕೆ ಹಿಡಿದಿದ್ದೆ. ಜೇಬಿನಲ್ಲಿ ಫೋನು ಅದುರಿತು. ಗಾಜಿನ ಪೆಟ್ಟಿಗೆ ತರುವವನು ಹಿಂಬಾಗಿಲಲ್ಲಿ ಬಂದು ನಿಂತರೆ ಹೀಗೆ ಕರೆ ಮಾಡಿ, ನಾನು ಎತ್ತಿದೊಡನೆ ಕತ್ತರಿಸುತ್ತಾನೆ. ಅವನೇ ಇರಬೇಕೆಂದು ಎತ್ತಿದೆ. ಅವನಲ್ಲ. ಇಸ್ತ್ರಿ ಮಾಡಿಟ್ಟಂಥ ಹೆಣ್ಣು ದನಿ, ತೊದಲು ಬಿಡಿಸುವ ಮಾತಿನ ಶಾಲೆಯೊಂದರಿಂದ. ನಾನು ‘ಯಾರು’ ಎನ್ನಲು ಹೋಗಿ ನಿಂತೆ. ಆ ಕಡೆಯಿಂದ ಅವಳು ಮೆತ್ತಗೆ ಕೇಳಿದಳು:

‘ಗೇಟು ಬಿತ್ತಾ? ಪರವಾಗಿಲ್ಲ, ಏಳೋವರೆಗೂ ಇರ್ತೀವಿ. ಕಪ್ಪು ಅನ್ನೋದನ್ನ ಎಷ್ಟು ಬೇಗ ಹೇಳಿಸ್ತೀವಿ ನೋಡ್ತಿರಿ.’

ಮಸೂರ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಮುಂದಿನ ಕೋಣೆಯ ಹುಡುಗಿ ಏನಾಯಿತೆಂದು ಇಣುಕಿ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ, ಒಂದು ಲೋಟ ನೀರು ತಂದಿಟ್ಟು ಹೋದಳು.

ವೇದಿಕೆ ತೆರೆದು ನೋಡಿದರೆ ಅಲ್ಲಿ ಆಗಲೇ ಬೆಂಕಿ. ಎಲ್ಲರಿಗೂ ಕರೆ ಬಂದಿತ್ತು. ಒಬ್ಬೊಬ್ಬರಿಗೂ ಅವರವರ ಪದವನ್ನೇ ಹಿಡಿದು. ಹದಿನೇಳಿನ ಕರೆ ಅವನು ಕೈತೊಳೆಯಲು ಹೋಗಿದ್ದಾಗ ಬಂದಿತ್ತಂತೆ. ಪಕ್ಕದ ಮೇಜಿನವನು ಉಪಕಾರಕ್ಕೆಂದು ಎತ್ತಿ ಮಾತಾಡಿದ್ದ. ಇವನು ಒದ್ದೆ ಕೈಯಲ್ಲಿ ವಾಪಸು ಬರುವಷ್ಟರಲ್ಲಿ ಇಡೀ ಕಚೇರಿಗೆ ಅವನ ಇಷ್ಟು ವರ್ಷದ ಗುಟ್ಟು ಗೊತ್ತಾಗಿತ್ತು. ಈಗ ಅವನು ಬಾಯಿ ತೆರೆದರೆ ಎಲ್ಲರೂ ಕೆಲಸ ನಿಲ್ಲಿಸಿ ಕಾಯುತ್ತಾರಂತೆ, ಮುಖದ ತುಂಬ ಕನಿಕರ ಹೊತ್ತು. ಅದನ್ನು ಬರೆದು, ನಾಳೆಯಿಂದ ಕೆಲಸಕ್ಕೆ ಹೇಗೆ ಹೋಗಲಿ ಎಂದು ಕೇಳಿದ್ದ.

ಸಪ್ಪೆ ಬರೆದದ್ದು ಒಂದೇ ಸಾಲು. ‘ಕಂದು, ಕೀಲಿಕೈ ಯಾರ ಹತ್ರ ಇದೆ?’

ನನಗಿಂತ ಮೊದಲು ಗೇಟ್‌ಮನ್ ಉತ್ತರಿಸಿದ. ಸರ್ವರು ಭದ್ರವಾಗಿದೆ, ತಾನು ಪೂರ್ತಿ ಪರೀಕ್ಷಿಸಿದ್ದೇನೆ, ಬಹುಶಃ ಕಂದು ಎಲ್ಲೋ ಪಾಸ್‌ವರ್ಡ್ ಬಿಟ್ಟುಕೊಟ್ಟಿರಬೇಕು, ಅವಳನ್ನು ಬೈಯಬೇಡಿ, ಯಾರಿಗಾದರೂ ಆಗಬಹುದಾದ ತಪ್ಪು ಎಂದು ಬರೆದ. ಎಷ್ಟು ದೊಡ್ಡ ಮನಸ್ಸು ನೋಡಿ! ನಾನು ಅದನ್ನೂ ನಂಬಿದೆ. ಅಂಗಡಿಯ ಕಂಪ್ಯೂಟರಿನಲ್ಲಿ ವೇದಿಕೆ ತೆರೆದು ಮುಚ್ಚುವುದನ್ನು ಮರೆತಿದ್ದೆನೇ, ಬಸ್ಸಿನಲ್ಲಿ ಪಕ್ಕದವರು ನೋಡಿರಬಹುದೇ ಎಂದು ತಲೆ ಕೆಡಿಸಿಕೊಂಡೆ. ಪಾಸ್‌ವರ್ಡ್ ಬದಲಿಸಿ, ಎಲ್ಲರ ಮುಂದೆ ಕ್ಷಮೆ ಕೇಳಿ ಬರೆದೆ. ಸಪ್ಪೆ ಬೀಳ್ಕೊಡುಗೆಯ ಮಾತೂ ಇಲ್ಲದೆ ತನ್ನ ಖಾತೆ ಅಳಿಸಿ ಹೋದಳು. ಅವಳ ಹಿಂದೆ ಇನ್ನೂ ಹಲವರು.

ಶಾಲೆಯವರು ನನ್ನನ್ನು ಬಿಡಲಿಲ್ಲ. ಎರಡನೆಯ ಬಾರಿ ಬಂದದ್ದು ಗಂಡು ದನಿ. ನಾನು ಉದ್ದೇಶಪೂರ್ವಕವಾಗಿಯೇ ಎತ್ತಿದೆ, ಇವರಿಗೆ ಇನ್ನೇನು ಗೊತ್ತಿದೆ ಎಂದು ನೋಡುವುದಕ್ಕೆ. ಅವನು ಪರದೆಯ ಮೇಲಿನದನ್ನು ಓದುತ್ತಿದ್ದಾನೆ ಎನ್ನುವುದು ದನಿಯಲ್ಲೇ ತಿಳಿಯುತ್ತಿತ್ತು. ಮಾತು ಬಂದಿದ್ದರೆ ನಿಮ್ಮ ತಾಯಿಯವರ ಥರದ್ದೇ ಸ್ವೆಟರು ಆವತ್ತೇ ಸಿಗುತ್ತಿತ್ತಲ್ಲ ಮೇಡಂ, ಅವರ ನೆನಪಿಗಾದರೂ ತರಗತಿಗೆ ಬನ್ನಿ ಎಂದ.

ಫೋನು ಕೆಳಗಿಟ್ಟೆ. ನೀರು ಚಕ್ರದ ಮೇಲೆ ಸುರಿಯುತ್ತಲೇ ಇತ್ತು. ಒಳಕೋಣೆಯಲ್ಲಿದ್ದದ್ದನ್ನು ಯಾರೋ ಕದ್ದು ಓದಿರಬಹುದು. ಅಮ್ಮನ ಸ್ವೆಟರು ಒಳಕೋಣೆಯಲ್ಲಿರಲಿಲ್ಲ. ನಾನು ಅದನ್ನು ಬರೆದಿರಲಿಲ್ಲ, ಹೇಳಿದ್ದೆ. ಎರಡು ರೈಲುಗಳು ಹೋಗುವಷ್ಟು ಹೊತ್ತು ಕಷ್ಟಪಟ್ಟು, ಒಬ್ಬನೇ ಒಬ್ಬನಿಗೆ. ಅವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ನನ್ನ ಹೆಸರಿನ ಮುಂದೆ ಟೈಪು ಮಾಡಿ ಕೊಟ್ಟಿದ್ದ. ನನಗೆ ಅಳು ಬರಲಿಲ್ಲ. ಅಷ್ಟು ಸಿಟ್ಟು ಬಂದಿತ್ತು.

ಸಂಜೆ ಅಕ್ಕನ ಮುಂದೆ ಎಲ್ಲವನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. ಓದಿ ಮುಗಿಸಿದವಳೇ ಚಪ್ಪಲಿ ಮೆಟ್ಟಿಕೊಂಡು ನಿಂತಳು. ನಡಿ, ನಾನು ಬಂದು ಅವನ ನೀರಿಳಿಸ್ತೀನಿ, ನೀನು ಪಕ್ಕದಲ್ಲಿ ನಿಂತಿರು ಸಾಕು ಎಂದಳು. ಅವಳು ಅಂದೇಬಿಡುವವಳು. ಬೇಡವೆಂದು ಅವಳ ಕೈ ಹಿಡಿದು ಕೂರಿಸಿದೆ. ಅದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿತ್ತು.

ಆ ಸಣ್ಣ ಕಂಪನಿಯ ಪುಟವನ್ನು ಮತ್ತೆ ತೆರೆದು, ಎಲ್ಲಾ ತುಂಬಿ, ಆ ಹಾಳು ಸಾಲಿನ ಕೆಳಗೆ ಒಪ್ಪಿಗೆ ಒತ್ತಿದೆ. ಮರುದಿನ ಊಟದ ಹೊತ್ತಿಗೆ ಕರೆ ಬಂತು. ನಿಮ್ಮ ಪೂರ್ತಿ ಹೆಸರು ಹೇಳಿ ಎಂದ ಆ ಕಡೆಯವನು. ಗೇಟು ಬಿತ್ತು. ಲೈನು ಸತ್ತಿದೆ ಅಂದುಕೊಂಡು ಅವನು ಕತ್ತರಿಸಿದ. ಮತ್ತೆ ಮಾಡಿದ, ಮತ್ತೆ ಕತ್ತರಿಸಿದ. ಮೂರನೆಯ ಸಲ ನಾನು ಉಸಿರಾಡುವ ಸದ್ದು ಕೇಳಿಸಿತೇನೋ, ಕತ್ತರಿಸಲಿಲ್ಲ. ನನಗೆ ಹದಿನೇಳಿನ ಒದ್ದೆ ಕೈ ಕಣ್ಣಮುಂದೆ ಬಂತು. ಗಾಡಿ ಆರಿಸಿ ಕೂತೆ. ಹೆಸರು ಹೊರಗೆ ಬಂತು, ಮುರಿದುಕೊಂಡು, ಬಿದ್ದು, ಎದ್ದು, ಪೂರ್ತಿಯಾಗಿ. ಸಿನಿಮಾಗಳಲ್ಲಿ ತೊದಲುವವರನ್ನು ತೋರಿಸುವ ಹಾಗೆ ಅದನ್ನು ಇಲ್ಲಿ ಅಕ್ಷರ ಅಕ್ಷರವಾಗಿ ಬರೆದು ನಿಮ್ಮನ್ನು ನಗಿಸಲಾರೆ. ‘ಸರಿ ಮೇಡಂ, ಆಯ್ತು’ ಎಂದ ಅವನು. ಅಷ್ಟೇ. ಇದಕ್ಕೆ ಹೆದರಿ ನಾನು ಅಷ್ಟು ಜನರ ಮಾನವನ್ನು ಒಯ್ದು ಗೇಟ್‌ಮನ್ ಕೈಗಿಟ್ಟಿದ್ದೆ.

ಬರೆಹಗಳನ್ನೆಲ್ಲ ಹೊಸ ಜಾಗಕ್ಕೆ ಸಾಗಿಸಿದೆ, ಒಳಕೋಣೆಯೊಂದನ್ನು ಬಿಟ್ಟು. ನಂಬರುಗಳನ್ನೂ ತರಲಿಲ್ಲ. ಉಳಿದಿದ್ದ ಬೆರಳೆಣಿಕೆಯ ಜನರಿಗೆ ಹೊಸ ವಿಳಾಸ ಕಳಿಸಿದೆ. ಆದರೆ ಹಳೆಯದು ಅವನ ಸರ್ವರಿನಲ್ಲಿ ಹಾಗೇ ಇತ್ತು, ಹದಿನೇಳಿನ ಪದಗಳು, ಎಲ್ಲರ ಪದಗಳು. ಅದನ್ನು ಅಳಿಸಬಲ್ಲವನು ಅವನೊಬ್ಬನೇ. ಅವನಿಗೆ ಬರೆದ ಯಾವುದಕ್ಕೂ ಉತ್ತರವಿಲ್ಲ. ಮುಖಾಮುಖಿ ಹೋಗುವುದೆಂದು ನಿರ್ಧರಿಸಿದೆ. ಅವನು ಸೇರಿದ ಆ ಕಚೇರಿ ಯಾವುದೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ.

ಮಾತಿನ ಶಾಲೆ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಹೆಜ್ಜೆಯ ಸದ್ದು ಕೇಳದಂಥ ಮೆತ್ತನೆಯ ನೆಲ. ಸಾಲಾಗಿ ಗಾಜಿನ ಗೂಡುಗಳು, ಒಂದೊಂದರಲ್ಲಿ ಒಬ್ಬೊಬ್ಬರು ಕೂತು ಬಾಯಿ ಆಡಿಸುತ್ತಿದ್ದರು. ದನಿ ಮಾತ್ರ ಹೊರಗೆ ಬರುತ್ತಿರಲಿಲ್ಲ. ಅವನು ಕೊನೆಯ ಕೋಣೆಯಲ್ಲಿ ತಂತಿಗಳ ಮಧ್ಯೆ ಕೂತಿದ್ದ. ನನ್ನನ್ನು ನೋಡಿ ಬೆಚ್ಚಿದ. ಆಮೇಲೆ ಕುರ್ಚಿ ಎಳೆದುಕೊಟ್ಟ.

ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋಗಿದ್ದೆ. ಅವನ ಮುಖ ಕಂಡದ್ದೇ ಅರ್ಧ ಮರೆತುಹೋಯಿತು. ಅದೇ ಕಣ್ಣು. ಅವನು ಮಾತಾಡಲು ಶುರುಮಾಡಿದ. ಒಂದು ಕಡೆಯೂ ನಿಲ್ಲಲಿಲ್ಲ. ಪ್ರತಿ ಪದವನ್ನೂ ಒಂದೇ ಅಳತೆಗೆ ಕತ್ತರಿಸಿ ಜೋಡಿಸಿದ ಹಾಗೆ ಹೇಳುತ್ತ ಹೋದ. ಇಲ್ಲಿ ಕಲಿತೆ ಎಂದ. ಕಲಿಸಿದ್ದಕ್ಕೆ, ಕೆಲಸ ಕೊಟ್ಟಿದ್ದಕ್ಕೆ ಇವರು ಕೇಳಿದ್ದು ನಮ್ಮವರ ವಿವರ ಮಾತ್ರ, ಸರ್ವರಿನ ಜಾಗ ಕೊಟ್ಟದ್ದೂ ಅದಕ್ಕೇ. ಮೊದಲು ಒಪ್ಪಿರಲಿಲ್ಲವಂತೆ. ಆಮೇಲೆ, ಎಲ್ಲರಿಗೂ ಒಳ್ಳೆಯದೇ ಆಗುತ್ತದಲ್ಲ ಅನ್ನಿಸಿತಂತೆ. ನನ್ನ ಮೇಲೆ ತಪ್ಪು ಹೊರಿಸಿದ್ದು ಯಾಕೆಂದು ನಾನು ಕೇಳಿರಲಿಲ್ಲ, ಅದಕ್ಕೂ ಅವನೇ ಉತ್ತರ ಹೇಳಿದ: ಆ ಹೊತ್ತಿಗೆ ಬೇರೇನೂ ತೋಚಲಿಲ್ಲ.

‘ನಾನೀಗ ನನ್ನ ಹೆಸರು ಹೇಳಬಲ್ಲೆ,’ ಎಂದ. ಹೇಳಿಯೂ ತೋರಿಸಿದ, ಸಲೀಸಾಗಿ, ಎರಡು ಸಲ.

ನನಗೆ ಸಿಟ್ಟಿಗಿಂತ ಹೆಚ್ಚಾಗಿ ಏನೋ ಒಂದು ಸಂಕಟವಾಯಿತು. ಇವನನ್ನು ಕಳೆದುಕೊಂಡರೆ ನನಗಾಗಿ ಕಾಯುವವರು ಇನ್ಯಾರೂ ಉಳಿಯುವುದಿಲ್ಲ ಅನ್ನಿಸಿತು. ಬೈಗುಳವನ್ನೆಲ್ಲ ನುಂಗಿದೆ. ಒಂದು ಮಾತು ಹೇಳಿ ನೋಡೋಣ ಎಂದುಕೊಂಡೆ. ‘ಮೊದಲಿನ ಹಾಗೇ ಇರೋಣ, ಅದನ್ನೆಲ್ಲ ಅಳಿಸಿಬಿಡು.’ ಇಷ್ಟೇ. ಅವನು ಹೂಂ ಅಂದಿದ್ದರೆ, ನನ್ನಾಣೆ, ಎಲ್ಲವನ್ನೂ ಮರೆತುಬಿಡುತ್ತಿದ್ದೆ. ಸಪ್ಪೆಯ ಕೈಕಾಲು ಹಿಡಿದಾದರೂ ವಾಪಸು ಕರೆತರುತ್ತಿದ್ದೆ.

‘ಮೊ’ ಎನ್ನುವಲ್ಲಿ ಗೇಟು ಬಿತ್ತು.

ನಾನು ಅವನ ಕಣ್ಣು ನೋಡಿದೆ. ಅವನು ನನ್ನ ತುಟಿ ನೋಡುತ್ತಿದ್ದ. ಆಮೇಲೆ ನನ್ನ ತಲೆಯ ಹಿಂದಿನ ಗೋಡೆ ಗಡಿಯಾರದ ಕಡೆಗೆ ಅವನ ಕಣ್ಣು ಹೋಗಿ ಬಂತು. ಬೆರಳು ಮೇಜಿನ ಮೇಲೆ ಸಣ್ಣಗೆ ಬಡಿಯುತ್ತಿತ್ತು. ಅಂಗಡಿಯವರು, ಕಂಡಕ್ಟರುಗಳು, ಬ್ಯಾಂಕಿನವರು ನನ್ನ ಮುಂದೆ ಮಾಡುವುದನ್ನೆಲ್ಲ ಅವನು ಮಾಡುತ್ತಿದ್ದ, ತನಗೇ ತಿಳಿಯದ ಹಾಗೆ. ನಾನು ಇನ್ನೂ ‘ಮೊ’ದಲ್ಲೇ ಇದ್ದೆ.

‘ಮೋಸ,’ ಎಂದ ಅವನು. ‘ಮೋಸ ಅಂತ ತಾನೇ? ಹೇಳ್ಬಿಡು, ಪರವಾಗಿಲ್ಲ.’

ನಾನು ತಲೆಯಾಡಿಸಿದೆ.

ಅವನಿಗೆ ನಿರಾಳವಾದದ್ದು ಕಾಣಿಸಿತು. ಮಾತು ಮುಗಿದ ನಿರಾಳ. ಅಳಿಸುವುದು ಈಗ ತನ್ನ ಕೈಯಲ್ಲಿಲ್ಲ, ಶಾಲೆಯವರು ಆಗಲೇ ನಕಲು ಮಾಡಿಕೊಂಡಿದ್ದಾರೆ ಎಂದು, ಕೇಳದೆಯೇ ಹೇಳಿದ. ನಾನು ಎದ್ದು ಬಂದೆ. ಗೂಡುಗಳಲ್ಲಿ ಕೂತವರು ಇನ್ನೂ ಬಾಯಿ ಆಡಿಸುತ್ತಿದ್ದರು. ಮೆಟ್ಟಿಲಿಳಿಯುವಾಗ ಸ್ವೆಟರಿನ ತೋಳನ್ನು ಜಗ್ಗಿ ನೋಡಿದೆ, ಅದು ಎಂದಿನ ಹಾಗೆ ತುಸು ಉದ್ದ. ಇಷ್ಟು ವರ್ಷ ಯಾರು ಯಾರೋ ನನ್ನ ಬಾಯಿಗಿಟ್ಟ ಪದಗಳಲ್ಲಿ ಒಂದೂ ನನ್ನ ಅಳತೆಗೆ ಕೂತಿರಲಿಲ್ಲ. ಇವತ್ತಿನದು ಕೂತಿತ್ತು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಾನು ಚಪ್ಪಲಿ ಬಿಡುವವರೆಗೂ ತಡೆದುಕೊಂಡದ್ದೇ ದೊಡ್ಡದು.

‘ಏನಂದೆ ಅವನಿಗೆ?’

‘ನಾನೇನೂ ಅನ್ಲಿಲ್ಲ,’ ಎಂದೆ. ಅಷ್ಟು ಸಲೀಸಾಗಿ ಬಂತು. ಮುಂದಿನ ‘ಅ’ದಲ್ಲಿ ಗೇಟು ಬಿತ್ತು. ಅಕ್ಕನ ಬಾಯಿ ತೆರೆಯಿತು, ಅಲ್ಲಿ ಹತ್ತು ಪದ ಸಾಲಾಗಿ ನಿಂತಿದ್ದವು. ನನ್ನ ಮುಖ ನೋಡಿದಳು. ಏನನ್ನಿಸಿತೋ, ತುಟಿ ಬಿಗಿಹಿಡಿದು ಗೋಡೆಗೆ ಒರಗಿ ನಿಂತಳು. ಬೀದಿಯಲ್ಲಿ ಯಾವುದೋ ಗಾಡಿ ಬಂದು ನಿಂತು, ಸಾಮಾನು ಇಳಿಸಿ, ಹೊರಟುಹೋಯಿತು. ಅವಳು ಕದಲಲಿಲ್ಲ.

‘ಅವನೇ ಅಂದುಕೊಂಡ,’ ಎಂದೆ.